ನೂಕಾಟಕ್ಕೂ ಒಂದು ನಡವಳಿಕೆ

ಕೆಲವು ತಿಂಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ನನ್ನ ತಂಗಿ ತನ್ನ ಮಗನನ್ನು ಕೈ ಹಿಡಿದು ಎಳೆದುಕೊಂಡೇ ನಮ್ಮ ಮನೆಗೆ ಬಂದಳು. ಹುಡುಗನಿಗೆ ಇಪ್ಪತ್ತೆರಡು ವರ್ಷ. ಮೊಣಕೈ ತರಚಿತ್ತು, ಬಲಗಣ್ಣಿನ ಕೆಳಗೆ ನೇರಳೆಹಣ್ಣಿನ ಬಣ್ಣದ ಒಂದು ಗುರುತು, ಅಂಗಿಯ ತೋಳು ಹೊಲಿಗೆ ಬಿಟ್ಟಿತ್ತು. ಇಷ್ಟಾದರೂ ಮುಖದಲ್ಲಿ ಮಾತ್ರ ಮದುವೆಮನೆಯಲ್ಲಿ ಉಂಡು ಬಂದವನ ತೃಪ್ತಿ.

“ನೀನೇ ಕೇಳು ಅಣ್ಣ. ನಿನ್ನೆ ರಾತ್ರಿ ಸಂಗೀತ ಕೇಳೋದಕ್ಕೆ ಹೋಗಿದ್ದನಂತೆ. ಸಂಗೀತ ಕೇಳಿ ಬಂದವರ ಮುಖ ಹೀಗಿರುತ್ತದೆಯೆ?” ಎಂದಳು ತಂಗಿ.

ನಾನು ಕೇಳಿದೆ.

“ಏನಿಲ್ಲ ಮಾವ, ಬಿದ್ದೆ. ಎತ್ತಿದರು.”

“ಯಾರು ಎತ್ತಿದರು?”

“ಗೊತ್ತಿಲ್ಲ. ಯಾರೋ ನಾಲ್ಕೈದು ಜನ.”

“ನೂಕಿದವರು ಯಾರು?”

“ಅವರೇ.”

ಅವರೇ ನೂಕಿ ಅವರೇ ಎತ್ತಿದರೆಂಬ ಈ ಉತ್ತರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನೂಕಿ ಓಡಿಹೋಗುವವರನ್ನು ಬಸ್ ನಿಲ್ದಾಣದಲ್ಲಿ ನಾನು ದಿನವೂ ಕಂಡಿದ್ದೇನೆ. ಬಿದ್ದವರನ್ನು ಎತ್ತುವ ಪುಣ್ಯಾತ್ಮರನ್ನೂ ಅಪರೂಪವಾಗಿ ಕಂಡಿದ್ದೇನೆ. ಎರಡು ಕೆಲಸವನ್ನೂ ಒಂದೇ ಉಸಿರಿನಲ್ಲಿ ಮಾಡುವ ಜನವನ್ನು ಕಂಡಿರಲಿಲ್ಲ. ನನ್ನ ತಂಗಿಗೆ ಇನ್ನೊಂದು ಚಿಂತೆಯೂ ಇತ್ತು. ಈ ಹುಡುಗನಿಗೆ ಹದಿನೆಂಟು ವರ್ಷದ ತಂಗಿ ಇದ್ದಾಳೆ. ಮುಂದಿನ ಸಲ ತಾನೂ ಹೋಗುತ್ತೇನೆಂದು ಅವಳು ಆಗಲೇ ಹಟ ಹಿಡಿದಿದ್ದಳು. ಕಳಿಸಬೇಕೋ ಬೇಡವೋ ಎಂಬ ತೀರ್ಪನ್ನು ನನ್ನ ತಲೆಗೆ ಕಟ್ಟಿ ತಂಗಿ ಕಾಫಿ ಕುಡಿಯಲು ಕೂತಳು.

ತೀರ್ಪು ಕೊಡುವವನು ಮೊದಲು ಸ್ಥಳ ಪರಿಶೀಲನೆ ಮಾಡಬೇಕು. ಆದ್ದರಿಂದ ನಾನೂ ಒಂದು ಸಂಜೆ ಹೋದೆ. ಹೋಗಿ ನೋಡಿದ್ದನ್ನೂ, ಆಮೇಲೆ ಓದಿ ಕೇಳಿ ತಿಳಿದದ್ದನ್ನೂ ನಿಮ್ಮ ಮುಂದಿಡುವುದು ನನ್ನ ಇಂದಿನ ಉದ್ದೇಶ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇರಬಹುದು. ಇಲ್ಲದಿದ್ದರೆ ನೆರೆಮನೆಯಲ್ಲಂತೂ ಇದ್ದೇ ಇದ್ದಾರೆ. ಈ ಬಗೆಯ ಸಂಗೀತ ಬೆಂಗಳೂರಿಗೆ ಹೊಸದೂ ಅಲ್ಲ. ಇಂಗ್ಲೆಂಡಿನ ಐರನ್ ಮೇಡನ್ ತಂಡ 2007ರ ಮಾರ್ಚ್ ತಿಂಗಳಲ್ಲಿ ಇಲ್ಲಿಯ ಅರಮನೆ ಮೈದಾನದಲ್ಲಿ ಹಾಡಿತು. ಅಮೆರಿಕದ ಮೆಟಾಲಿಕ ತಂಡ 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಹಾಡಿತು. ನಮ್ಮ ಊರಿನ ಹುಡುಗರೇ ಕಟ್ಟಿಕೊಂಡ ತಂಡಗಳೂ ವರ್ಷಗಳಿಂದ ನುಡಿಸುತ್ತಿವೆ.

ಮೊದಲು ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ಕುರ್ಚಿಗಳಿಲ್ಲ, ಎಲ್ಲರೂ ನಿಂತೇ ಇದ್ದಾರೆ. ನನ್ನ ನರೆಗೂದಲನ್ನು ನೋಡಿ ಒಬ್ಬ ಹುಡುಗ “ಅಂಕಲ್, ನೀವು ಹಿಂದುಗಡೆ, ಧ್ವನಿ ಯಂತ್ರದ ಪಕ್ಕ ನಿಂತುಕೊಳ್ಳಿ, ಅಲ್ಲಿ ಚೆನ್ನಾಗಿ ಕೇಳುತ್ತೆ” ಎಂದು ಜಾಗ ಮಾಡಿಕೊಟ್ಟ. ಅಲ್ಲಿಂದ ನೋಡಿದರೆ ಇಡೀ ಸಭೆ ಕಾಣುತ್ತಿತ್ತು. ಮೊದಲ ಹಾಡಿಗೆ ತಲೆಗಳು ಆಡಿದವು. ಎರಡನೆಯ ಹಾಡಿನಲ್ಲಿ ಲಯ ಬಿಗಿಯಾದಾಗ, ವೇದಿಕೆಯಿಂದ ಹತ್ತು ಹದಿನೈದು ಮಾರು ದೂರದಲ್ಲಿ, ಯಾರೂ ಹೇಳದೆಯೇ ಜನ ಹಿಂದೆ ಸರಿದರು. ನಡುವೆ ಒಂದು ದುಂಡನೆಯ ಬಯಲಾಯಿತು. ಮರುಕ್ಷಣವೇ ಮೂವತ್ತು ನಲವತ್ತು ಹುಡುಗರು ಅದರೊಳಕ್ಕೆ ನುಗ್ಗಿ ಒಬ್ಬರಿಗೊಬ್ಬರು ಭುಜದಿಂದ, ಎದೆಯಿಂದ ಡಿಕ್ಕಿ ಹೊಡೆಯತೊಡಗಿದರು. ನಾನು ಪೋಲೀಸರನ್ನು ಹುಡುಕಿದೆ. ಪಕ್ಕದಲ್ಲಿದ್ದವರು ನಗುತ್ತ ಚಪ್ಪಾಳೆ ಹೊಡೆಯುತ್ತಿದ್ದರು!

ಇದಕ್ಕೆ ಅವರ ಭಾಷೆಯಲ್ಲಿ ‘ಮಾಷ್ ಪಿಟ್’ ಎಂದು ಹೆಸರು. ಪಿಟ್ ಎಂದರೆ ಗುಂಡಿ. ನೆಲದಲ್ಲಿ ಗುಂಡಿಯೇನೂ ಇರುವುದಿಲ್ಲ. ಜನರ ನಡುವಿನ ತೆರಪೇ ಗುಂಡಿ. ನಮ್ಮ ಮಾತಿನಲ್ಲಿ ‘ಕಣ’ ಎಂದರೆ ಇನ್ನೂ ಒಪ್ಪುತ್ತದೆ. ಕೆಲವು ಹಾಡುಗಳಿಗೆ ಡಿಕ್ಕಿ ನಿಂತು ಎಲ್ಲರೂ ಒಂದೇ ದಿಕ್ಕಿಗೆ ಸುತ್ತು ಓಡುತ್ತಾರೆ. ಮೇಟಿಯ ಸುತ್ತ ಎತ್ತುಗಳು ತೆನೆ ತುಳಿಯುವುದನ್ನು ನೋಡಿದವರಿಗೆ ಆ ನೋಟ ಹೊಸದಾಗಿ ಕಾಣುವುದಿಲ್ಲ. ಅದಕ್ಕೆ ‘ಸರ್ಕಲ್ ಪಿಟ್’ ಎನ್ನುತ್ತಾರೆ. ಇನ್ನೊಂದು ಬಗೆಯಲ್ಲಿ ಜನ ಎರಡು ಪಾಳೆಯವಾಗಿ ಎದುರುಬದುರು ನಿಂತು, ಗಾಯಕ ಸನ್ನೆ ಮಾಡಿದೊಡನೆ ಒಬ್ಬರ ಮೇಲೊಬ್ಬರು ನುಗ್ಗುತ್ತಾರೆ. ಅದರ ಹೆಸರೇ ‘ವಾಲ್ ಆಫ್ ಡೆತ್’, ಮೃತ್ಯುವಿನ ಗೋಡೆ. ಹೆಸರು ಕೇಳಿಯೇ ನಾನು ಇನ್ನೆರಡು ಹೆಜ್ಜೆ ಹಿಂದಕ್ಕೆ ಹೋದೆ.

ಈ ಕುಣಿತ ಹುಟ್ಟಿದ್ದು ನಮ್ಮ ನಾಡಿನಲ್ಲಲ್ಲ. 1970ರ ದಶಕದ ಕೊನೆಯಲ್ಲಿ ಲಂಡನ್ನಿನ ಪಂಕ್ ಸಂಗೀತದ ಹುಡುಗರು ನಿಂತ ಜಾಗದಲ್ಲೇ ಮೇಲಕ್ಕೂ ಕೆಳಕ್ಕೂ ನೆಗೆಯುತ್ತಿದ್ದರು. ಅದನ್ನು ‘ಪೋಗೊ’ ಎಂದು ಕರೆದರು. ಅಮೆರಿಕದಲ್ಲಿ, ಕ್ಯಾಲಿಫೋರ್ನಿಯದ ದಕ್ಷಿಣ ಭಾಗದಲ್ಲಿ, ಅದು ಮೇಲಕ್ಕೆ ನೆಗೆಯುವುದನ್ನು ಬಿಟ್ಟು ಅಡ್ಡಡ್ಡಲಾಗಿ ಡಿಕ್ಕಿ ಹೊಡೆಯುವ ಕುಣಿತವಾಯಿತು. ಪೆನೆಲೊಪಿ ಸ್ಫೀರಿಸ್ ಎಂಬ ಮಹಿಳೆ ಲಾಸ್ ಏಂಜಲೀಸಿನ ಆ ಸಭೆಗಳನ್ನು ಚಿತ್ರೀಕರಿಸಿ 1981ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ತಂದರು. ವಾಷಿಂಗ್‌ಟನ್ ನಗರದಲ್ಲಿ ಬ್ಯಾಡ್ ಬ್ರೇನ್ಸ್ ಎಂಬ ನಾಲ್ವರು ಕಪ್ಪು ಜನಾಂಗದ ತರುಣರ ತಂಡವಿತ್ತು. ಅವರ ಗಾಯಕ ‘ಮ್ಯಾಶ್’, ಎಂದರೆ ಅರೆದು ಹಾಕಿ ಎಂದದ್ದು ಸಭೆಯ ಕಿವಿಗೆ ‘ಮಾಷ್’ ಎಂದು ಬಿದ್ದು, ಆ ಹೆಸರೇ ನಿಂತಿತೆಂದು ಹೇಳುತ್ತಾರೆ. 1987ರ ಹೊತ್ತಿಗೆ ನ್ಯೂಯಾರ್ಕಿನ ಆಂತ್ರಾಕ್ಸ್ ತಂಡ ಆ ಪದವನ್ನು ತನ್ನ ಹಾಡೊಂದರ ಹೆಸರಿನಲ್ಲೇ ಸೇರಿಸಿತ್ತು. ಅಲ್ಲಿಂದ ಅದು ಊರೂರು ಸುತ್ತಿತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹಿಂದೆ ನಿಂತು ಅರ್ಧ ಗಂಟೆ ನೋಡುವಷ್ಟರಲ್ಲಿ ನನಗೊಂದು ಸಂಗತಿ ಗೋಚರವಾಯಿತು. ಆ ಕಣದಲ್ಲಿ ಗಲಭೆಯೇನೋ ಇತ್ತು, ಜಗಳ ಇರಲಿಲ್ಲ. ಒಬ್ಬ ಹುಡುಗ ಕಾಲು ಜಾರಿ ಬಿದ್ದ. ಬಿದ್ದನೆಂದು ನಾನು ತಿಳಿಯುವ ಮೊದಲೇ ಅವನ ಸುತ್ತ ನಾಲ್ಕು ಜನ ಕೈ ಚಾಚಿ ಬೇಲಿಯಂತೆ ನಿಂತಿದ್ದರು. ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಒಬ್ಬ ಬೆನ್ನು ತಟ್ಟಿದ. ಮತ್ತೆ ಡಿಕ್ಕಿ ಶುರು. ಇನ್ನೊಬ್ಬನ ಬೂಟಿನ ದಾರ ಬಿಚ್ಚಿತು. ಅವನು ಕುಕ್ಕರಿಸಿದೊಡನೆ ಇಬ್ಬರು ಅವನಿಗೆ ಬೆನ್ನು ಕೊಟ್ಟು ನಿಂತು, ಅವನು ಗಂಟು ಹಾಕುವವರೆಗೆ ಬಂದ ಪೆಟ್ಟನ್ನೆಲ್ಲ ತಾವು ತಿಂದರು. ಸ್ವಲ್ಪ ಹೊತ್ತಿಗೆ ಕಣದ ನಡುವಿನಿಂದ ಒಂದು ಕೈ ಮೇಲೆದ್ದಿತು. ಆ ಕೈಯಲ್ಲಿ ಯಾರದೋ ಕನ್ನಡಕ. ಕಳೆದುಕೊಂಡವನು ಬಂದು ಈಸಿಕೊಳ್ಳುವವರೆಗೆ ಆ ಕೈ ಕೆಳಗಿಳಿಯಲಿಲ್ಲ.

ಬರೆದಿಟ್ಟ ಕಾನೂನಲ್ಲ ಇದು. ಬಾಗಿಲಲ್ಲಿ ಯಾರೂ ಓದಿ ಹೇಳುವುದೂ ಇಲ್ಲ. ಆದರೂ ದೇಶದೇಶಗಳಲ್ಲಿ ಈ ಕುಣಿತದವರು ಒಂದೇ ಬಗೆಯಲ್ಲಿ ಪಾಲಿಸುವ ಕಟ್ಟಳೆಗಳಿವೆ. ನನ್ನ ಸೋದರಳಿಯನನ್ನು ಕೂರಿಸಿಕೊಂಡು ಕೇಳಿ ಅವನ್ನು ಕ್ರಮವಾಗಿ ಗುರುತು ಹಾಕಿಕೊಂಡಿದ್ದೇನೆ.

ಮೊದಲನೆಯದು, ಉಳಿದೆಲ್ಲಕ್ಕೂ ತಾಯಿಯಾದದ್ದು: ಬಿದ್ದವನನ್ನು ಎತ್ತು. ಯಾರು ನೂಕಿದರು, ತಪ್ಪು ಯಾರದು ಎಂಬ ವಿಚಾರಣೆ ಆಮೇಲೆ. ಹತ್ತಿರ ಇದ್ದವನ ಕೈ ಮೊದಲು ಚಾಚಬೇಕು.

ಎರಡನೆಯದು: ಒಲ್ಲದವನನ್ನು ಎಳೆಯಬೇಡ. ಕಣದ ಅಂಚಿನಲ್ಲಿ ನಿಂತವರಿಗೆ ಒಂದು ಸ್ಥಾನವಿದೆ. ಅವರು ಕೆರೆಯ ಏರಿ ಇದ್ದ ಹಾಗೆ. ಒಳಗಿನಿಂದ ಸಿಡಿದು ಬಂದವನನ್ನು ಅಂಗೈಯಿಂದ ಮೆತ್ತಗೆ ಒಳಕ್ಕೆ ಕಳಿಸುವುದು, ಹಿಂದಿರುವವರಿಗೆ ಪೆಟ್ಟು ತಾಗದಂತೆ ನೋಡಿಕೊಳ್ಳುವುದು ಅವರ ಕೆಲಸ. ಅವರನ್ನೇ ಕೊರಳಪಟ್ಟಿ ಹಿಡಿದು ಒಳಕ್ಕೆ ಎಳೆದುಕೊಳ್ಳುವುದು ಅಪರಾಧ. ಹಾಗೆಯೇ ಹೊರಗೆ ಹೋಗಬೇಕೆಂದು ಯಾರಾದರೂ ಕೈಸನ್ನೆ ಮಾಡಿದರೆ ದಾರಿ ಬಿಡಬೇಕು. ಒಳಗೆ ಬರುವ ಹಕ್ಕಿಗಿಂತ ಹೊರಗೆ ಹೋಗುವ ಹಕ್ಕು ದೊಡ್ಡದು.

ಮೂರನೆಯದು: ನೂಕು, ಹೊಡೆಯಬೇಡ. ಭುಜ ಬಳಸಬಹುದು, ಅಂಗೈ ಬಳಸಬಹುದು. ಮುಷ್ಟಿ, ಮೊಣಕೈ, ಕಾಲು ಬಳಸುವಂತಿಲ್ಲ. ಬೆನ್ನು ಮಾಡಿದವನಿಗೆ ಡಿಕ್ಕಿ ಹೊಡೆಯುವಂತಿಲ್ಲ. ಪೆಟ್ಟು ಬಿದ್ದರೆ ಸೇಡು ತೀರಿಸಿಕೊಳ್ಳುವಂತಿಲ್ಲ. ಕಣದೊಳಗೆ ಹೋದಾಗಲೇ ಒಂದೆರಡು ತರಚು ಗಾಯಕ್ಕೆ ರುಜು ಹಾಕಿದಂತಾಯಿತು. ದಪ್ಪ ಬಕಲ್ಲು, ಮೊಳೆ ಬಡಿದ ಕೈಪಟ್ಟಿ, ಉಂಗುರ, ಸರ ಇವನ್ನೆಲ್ಲ ಮನೆಯಲ್ಲಿಟ್ಟು ಬರಬೇಕು. ಕುಡಿದು ಕಾಲು ನಿಲ್ಲದವನು ಅಂಚಿಗೂ ಬರಬಾರದು.

ನಾಲ್ಕನೆಯದು: ನಿನ್ನ ಗಾತ್ರ ನಿನಗೆ ತಿಳಿದಿರಲಿ. ಎಂಬತ್ತು ಕಿಲೋ ತೂಕದವನು ನಲವತ್ತೈದು ಕಿಲೋ ತೂಕದವನಿಗೆ ಎದುರಾದಾಗ ವೇಗ ಇಳಿಸಬೇಕು. ಜನರ ತಲೆಯ ಮೇಲೆ ಮಲಗಿ ಕೈಯಿಂದ ಕೈಗೆ ಸಾಗುವ ಇನ್ನೊಂದು ಆಟವಿದೆ, ‘ಕ್ರೌಡ್ ಸರ್ಫಿಂಗ್’ ಎಂದು. ಬೂಟುಗಾಲು ಕೆಳಗಿನವರ ಮುಖಕ್ಕೆ ತಾಗದ ಹಾಗೆ ನೋಡಿಕೊಳ್ಳುವುದು ಮೇಲೆ ಹೋಗುವವನ ಹೊಣೆ. ಅವನನ್ನು ನೆಲಕ್ಕೆ ಬೀಳಿಸದೆ ಮುಂದೆ ಸಾಗಿಸುವುದು ಕೆಳಗಿನವರ ಹೊಣೆ.

ಐದನೆಯದನ್ನು ನಾನು ಸ್ವಲ್ಪ ಒತ್ತಿ ಹೇಳಬೇಕು. ಗದ್ದಲದ ಮರೆಯಲ್ಲಿ ಹೆಣ್ಣುಮಕ್ಕಳ ಮೈಗೆ ಕೈ ಹಾಕುವವರು ಜಾತ್ರೆಯಲ್ಲೂ ಇದ್ದಾರೆ, ಬಸ್ಸಿನಲ್ಲೂ ಇದ್ದಾರೆ, ಇಲ್ಲಿಯೂ ಇರುತ್ತಾರೆ. ‘ಗುಂಪಿನಲ್ಲಿ ತಾಗಿತು’ ಎಂಬ ನೆಪ ಕಣದಲ್ಲಿ ನಡೆಯಬಾರದು. 1990ರ ದಶಕದಲ್ಲಿ ಅಮೆರಿಕದ ಬಿಕಿನಿ ಕಿಲ್ ತಂಡದ ಗಾಯಕಿ ಕ್ಯಾಥ್ಲೀನ್ ಹ್ಯಾನ ತನ್ನ ಕಚೇರಿಗಳಲ್ಲಿ ಹೆಂಗಸರನ್ನೆಲ್ಲ ಮುಂದಕ್ಕೆ ಕರೆದು, ಗಂಡಸರನ್ನು ಹಿಂದೆ ನಿಲ್ಲಿಸುತ್ತಿದ್ದಳು. ಮುಂದಿನ ಜಾಗ ಬಲವುಳ್ಳವರ ಆಸ್ತಿಯಲ್ಲ ಎಂಬುದನ್ನು ಆಕೆ ಎಲ್ಲರಿಗೂ ಕಾಣುವಂತೆ ತೋರಿಸಿಕೊಟ್ಟಳು.

ಕಟ್ಟಳೆ ಮುರಿದವನಿಗೆ ಶಿಕ್ಷೆ ಏನೆಂದು ಕೇಳುತ್ತೀರಿ. ಸಾಮಾನ್ಯವಾಗಿ ಸುತ್ತಲಿನ ನಾಲ್ಕು ಜನವೇ ಅವನನ್ನು ಭುಜ ಹಿಡಿದು ಅಂಚಿಗೆ ಕಳಿಸುತ್ತಾರೆ. ಕೆಲವು ಸಲ ಹಾಡುವವರೇ ನ್ಯಾಯ ತೀರಿಸುತ್ತಾರೆ. ವಾಷಿಂಗ್‌ಟನ್ನಿನಲ್ಲಿ ಹುಟ್ಟಿದ ಫುಗಾಜಿ ಎಂಬ ತಂಡದ ಕಥೆ ಬಹಳ ಸೊಗಸಾಗಿದೆ. ಅವರ ಟಿಕೀಟಿನ ಬೆಲೆ ಸಾಮಾನ್ಯವಾಗಿ 5 ಡಾಲರು. ಸಭೆಯಲ್ಲಿ ಯಾರಾದರೂ ಇತರರಿಗೆ ಪೆಟ್ಟಾಗುವಂತೆ ನಡೆದುಕೊಂಡರೆ ಗಾಯಕ ಇಯಾನ್ ಮೆಕೇ ಹಾಡನ್ನೇ ನಿಲ್ಲಿಸಿಬಿಡುತ್ತಿದ್ದ. ನಿಲ್ಲಿಸಿ, ಬೈಯದೆ, “ಸ್ವಾಮಿ, ದಯವಿಟ್ಟು” ಎಂಬಷ್ಟು ವಿನಯದಿಂದ ಆ ಮನುಷ್ಯನಿಗೆ ನೇರವಾಗಿ ಬುದ್ಧಿ ಹೇಳುತ್ತಿದ್ದ. ಕೇಳದಿದ್ದರೆ ಅವನ 5 ಡಾಲರನ್ನು ಲಕೋಟೆಯಲ್ಲಿಟ್ಟು ಕೈಗೆ ಕೊಟ್ಟು ಹೊರಗೆ ಕಳಿಸುತ್ತಿದ್ದರು. ಇದಕ್ಕೆಂದೇ ಲಕೋಟೆಗಳನ್ನು ಸಿದ್ಧಮಾಡಿ ಇಟ್ಟುಕೊಂಡಿರುತ್ತಿದ್ದರಂತೆ! ನಿನ್ನ ದುಡ್ಡು ನಮಗೆ ಬೇಡ, ನಿನ್ನ ನಡತೆಯೂ ಬೇಡ ಎನ್ನುವುದಕ್ಕೆ ಇದಕ್ಕಿಂತ ಮರ್ಯಾದೆಯ ದಾರಿ ಯಾವುದಿದ್ದೀತು?

ಇಷ್ಟು ಹೇಳಿದ ಮೇಲೆ, ‘ಹಾಗಾದರೆ ಭಯವೇ ಇಲ್ಲವೆ?’ ಎಂದು ನೀವು ಕೇಳುವುದು ನ್ಯಾಯ. ನನ್ನ ತಂಗಿಯೂ ಅದನ್ನೇ ಕೇಳಿದಳು. ಭಯ ಇದೆ. ಆದರೆ ನಾವು ಹೆದರುವ ಕಡೆಯಲ್ಲಿ ಕಡಮೆ, ಹೆದರದ ಕಡೆಯಲ್ಲಿ ಹೆಚ್ಚು. ಇದೇ ಇಂದಿನ ನನ್ನ ಮಾತಿನ ತಿರುಳು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಈ ಕುಣಿತದ ಚಲನಚಿತ್ರಗಳನ್ನು ಸಂಗ್ರಹಿಸಿ ಅಳೆದು 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕಣದಲ್ಲಿ ಡಿಕ್ಕಿ ಹೊಡೆಯುವವರ ವೇಗಗಳು ಅನಿಲದ ಅಣುಗಳ ವೇಗಗಳಂತೆಯೇ ಹಂಚಿಕೆಯಾಗಿರುತ್ತವೆಂದು ಅವರು ಕಂಡರು. ಸುತ್ತು ಓಡುವ ಕಣಗಳಲ್ಲಿ ನೂರಕ್ಕೆ 95 ಅಪ್ರದಕ್ಷಿಣವಾಗಿಯೇ ತಿರುಗುತ್ತವೆಂದೂ ಲೆಕ್ಕ ಹಾಕಿದರು. ನಮ್ಮ ದೇವಸ್ಥಾನದವರಿಗೆ ಇದು ಅಷ್ಟು ಹಿಡಿಸಲಾರದು. ಅದು ಹಾಗಿರಲಿ, ಅನಿಲದ ಹೋಲಿಕೆಯನ್ನು ಮಾತ್ರ ಮರೆಯಬೇಡಿ. ಅನಿಲದ ಅಣುಗಳ ನಡುವೆ ಬೇಕಾದಷ್ಟು ಜಾಗವಿರುತ್ತದೆ. ಡಿಕ್ಕಿ ಹೊಡೆಯಬೇಕಾದರೆ ಓಡುವುದಕ್ಕೆ ಜಾಗ ಬೇಕು. ಬಿದ್ದವನನ್ನು ಎತ್ತಬೇಕಾದರೆ ಬಗ್ಗುವುದಕ್ಕೆ ಜಾಗ ಬೇಕು. ಕುಣಿತ ನಡೆಯುತ್ತಿದೆಯೆಂದರೆ ಅಲ್ಲಿ ತೆರಪು ಇದೆ ಎಂದರ್ಥ.

ಆ ತೆರಪು ಇಲ್ಲವಾದಾಗ ನಿಜವಾದ ಅಪಾಯ ಬರುತ್ತದೆ. ಒಂದು ಚದರ ಮೀಟರು ಜಾಗದಲ್ಲಿ ನಾಲ್ಕು ಜನ ನಿಂತರೆ ಇಕ್ಕಟ್ಟಾದರೂ ಕಾಲಾಡಿಸಬಹುದು. ಆರು ಏಳು ಜನವಾದರೆ ಮನುಷ್ಯ ತನ್ನ ಇಷ್ಟದಂತೆ ನಡೆಯುವುದು ಮುಗಿಯಿತು. ಗುಂಪು ಆಗ ನೀರಿನಂತಾಗುತ್ತದೆ. ಹಿಂದಿನ ಸಾಲಿನ ಒಂದು ನೂಕು ಅಲೆಯಾಗಿ ಮುಂದಿನ ಸಾಲನ್ನು ಮುಟ್ಟುತ್ತದೆ. ಹಿಂದೆ ನೂಕಿದವನಿಗೆ ಮುಂದೆ ಏನಾಯಿತೆಂಬುದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಇಂಥಲ್ಲಿ ಜನ ಸಾಯುವುದು ತುಳಿತದಿಂದ ಎಂದು ನಾವು ಭಾವಿಸುತ್ತೇವೆ. ಬಹುಪಾಲು ಸಾಯುವುದು ಉಸಿರು ಕಟ್ಟಿ. ಎದೆ ಹಿಗ್ಗುವುದಕ್ಕೆ ಜಾಗವಿಲ್ಲದೆ, ನಿಂತ ನಿಲುವಿನಲ್ಲೇ ಪ್ರಾಣ ಹೋಗುತ್ತದೆ.

1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ದಿ ಹೂ ತಂಡದ ಕಚೇರಿಗೆ ಮೊದಲು ಬಾಗಿಲ ಬಳಿಯ ಒತ್ತಡದಲ್ಲಿ 11 ಜನ ಸತ್ತರು. ಅವರಾರೂ ಕುಣಿಯುತ್ತಿರಲಿಲ್ಲ, ಒಳಗೆ ಹೋಗಲು ಕಾಯುತ್ತಿದ್ದರು. 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡ ಉತ್ಸವದಲ್ಲಿ ಪರ್ಲ್ ಜ್ಯಾಮ್ ತಂಡ ಹಾಡುತ್ತಿದ್ದಾಗ ಮುಂಭಾಗದ ಕೆಸರಿನಲ್ಲಿ ಜನ ಜಾರಿ, ಒಬ್ಬರ ಮೇಲೊಬ್ಬರು ಬಿದ್ದು, 9 ಮಂದಿ ತರುಣರು ತೀರಿಕೊಂಡರು. ಗಾಯಕ ಎಡ್ಡಿ ವೆಡರ್ ಹಾಡು ನಿಲ್ಲಿಸಿ, ಎಲ್ಲರೂ ಹಿಂದಕ್ಕೆ ಹೆಜ್ಜೆ ಇಡಿ ಎಂದು ಬೇಡಿಕೊಂಡ. ಆಗ ಹೊತ್ತು ಮೀರಿತ್ತು. ಎತ್ತಬೇಕೆಂಬ ಮನಸ್ಸು ಅಲ್ಲಿಯ ಹುಡುಗರಿಗೆ ಇರಲಿಲ್ಲವೆನ್ನುವಂತಿಲ್ಲ. ಎತ್ತುವುದಕ್ಕೆ ಕೈ ಚಾಚುವಷ್ಟು ಜಾಗ ಇರಲಿಲ್ಲ. 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ 10 ಜನ ಹೀಗೆಯೇ ಉಸಿರುಗಟ್ಟಿ ಸತ್ತರು. ಎಲ್ಲರಿಗಿಂತ ಚಿಕ್ಕವನಿಗೆ 9 ವರ್ಷ.

ಇದು ದೂರದ ಮಾತೆಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾನಿಲಯವೊಂದರ ಸಂಗೀತ ಸಂಜೆಯಲ್ಲಿ, ಬಯಲು ರಂಗಮಂದಿರದ ಮೆಟ್ಟಿಲ ಬಳಿ ನೂಕುನುಗ್ಗಲಾಗಿ 4 ಜನ ಪ್ರಾಣ ಕಳೆದುಕೊಂಡರು. ನಮ್ಮ ಬೆಂಗಳೂರಿನಲ್ಲೇ 2025ರ ಜೂನ್ 4ರಂದು, ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆಂದು ಕ್ರೀಡಾಂಗಣದ ಹೊರಗೆ ನೆರೆದ ಜನದಲ್ಲಿ 11 ಮಂದಿ ಸತ್ತರು. ಅಲ್ಲಿ ಕರ್ಕಶ ಸಂಗೀತವಿರಲಿಲ್ಲ, ಡಿಕ್ಕಿಯ ಕುಣಿತವೂ ಇರಲಿಲ್ಲ. ನಮ್ಮ ಮಕ್ಕಳು ಎಲ್ಲರಂತೆ ಸಂತೋಷವಾಗಿ ಹೋಗಿದ್ದರು, ಅಷ್ಟೆ.

ಈ ಎರಡರ ಭೇದವನ್ನು ಮನೆಯ ಹಿರಿಯರು ತಿಳಿಯಬೇಕು, ಕಿರಿಯರಿಗೆ ತಿಳಿಸಬೇಕು. ಕಣ ಕಂಡರೆ ಎಚ್ಚರ ಸಾಕು. ಕಣವೇ ಇಲ್ಲದಂತೆ ಜನ ಒತ್ತಿಕೊಂಡಿದ್ದರೆ ಅಲ್ಲಿಂದ ಹೊರಡಬೇಕು. ಗುರುತು ಹಿಡಿಯುವುದು ಕಷ್ಟವಲ್ಲ. ಎಡಕ್ಕೂ ಬಲಕ್ಕೂ ಎರಡೂ ಕಡೆಯವರು ನಿಮ್ಮ ಭುಜಕ್ಕೆ ತಾಗುತ್ತಿದ್ದಾರೆಯೆ? ಕೈಯನ್ನು ಮುಖದ ತನಕ ಎತ್ತಿಕೊಳ್ಳಲು ಆಗುತ್ತಿಲ್ಲವೆ? ನೀವು ಹೆಜ್ಜೆ ಇಡದೆಯೇ ಮೈ ಸಾಗುತ್ತಿದೆಯೆ? ಹಾಗಾದರೆ ಹಾಡು ಎಷ್ಟೇ ಚೆನ್ನಾಗಿರಲಿ, ಅಂಚಿಗೆ ಹೊರಡಿ. ಅಲೆಗೆ ಎದುರಾಗಿ ನೂಕಬೇಡಿ. ಮುಷ್ಟಿಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಉಳಿಸಿಕೊಳ್ಳಿ. ಅಲೆ ನಿಂತ ಗಳಿಗೆಯಲ್ಲಿ ಒಂದೊಂದೇ ಹೆಜ್ಜೆ ಓರೆಯಾಗಿ ಪಕ್ಕಕ್ಕೆ ಸರಿಯಿರಿ. ಏನು ಬಿದ್ದರೂ, ಫೋನೇ ಬಿದ್ದರೂ, ಬಗ್ಗಬೇಡಿ. ಕೂಗಿ ಉಸಿರು ಕಳೆದುಕೊಳ್ಳಬೇಡಿ. ಹಿಂದೆ ನಿಂತವರಾದರೆ ನಿಮ್ಮ ಹೊಣೆ ಇನ್ನೂ ಹೆಚ್ಚು. ಮುಂದಿನವರ ಜೀವ ನಿಮ್ಮ ಒಂದು ಹೆಜ್ಜೆಯಲ್ಲಿದೆ. ಅದನ್ನು ಹಿಂದಕ್ಕೆ ಇಡಿ.

ನಡೆಸುವವರ ಹೊಣೆಯೂ ಉಂಟು. ಎಷ್ಟು ಜನಕ್ಕೆ ಜಾಗವಿದೆಯೋ ಅಷ್ಟೇ ಟಿಕೀಟು ಮಾರುವುದು, ಮೈದಾನವನ್ನು ತಡೆಗಂಬಿಗಳಿಂದ ಭಾಗ ಮಾಡುವುದು, ಕುಡಿಯುವ ನೀರು, ಅಗಲವಾದ ಬಾಗಿಲು, ಯಾವಾಗ ಬೇಕಾದರೂ ಹಾಡನ್ನು ನಿಲ್ಲಿಸುವ ಅಧಿಕಾರವುಳ್ಳ ಒಬ್ಬ ಮನುಷ್ಯ, ಇವು ಇರಲೇಬೇಕು. ನಿಲ್ಲಿಸಿದಾಗ ಗೊಣಗದೆ ಇರುವುದು ಕೇಳುಗರ ಮರ್ಯಾದೆ.

ಹಾಗೆಂದು ನಮ್ಮ ಕಡೆಯ ಸಭೆಗಳೇ ಸಭ್ಯತೆಯ ತವರುಮನೆ ಎಂದುಕೊಳ್ಳುವುದೂ ಸರಿಯಲ್ಲ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಕಚೇರಿಗಳಿಗೆ ನಾನು ಎಷ್ಟೋ ವರ್ಷದಿಂದ ಹೋಗುತ್ತಿದ್ದೇನೆ. ಮೃದಂಗದವರು ತನಿ ಆವರ್ತನಕ್ಕೆ ಕೈ ಇಟ್ಟೊಡನೆ ಎದ್ದು ಕಾಫಿಗೆ ಹೊರಡುವವರನ್ನು ನೀವೂ ನೋಡಿದ್ದೀರಿ. ಹೋಗುವಾಗ ಒಂದು ಸಾಲಿನ ಕಾಲುಗಳನ್ನೆಲ್ಲ ತುಳಿದುಕೊಂಡೇ ಹೋಗುತ್ತಾರೆ. ತುಳಿಸಿಕೊಂಡವರತ್ತ ತಿರುಗಿಯೂ ನೋಡುವುದಿಲ್ಲ. ಒಮ್ಮೆ ನಾನೇ ಹಾಗೆ ಎದ್ದು ಹೋದವನು, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಆ ಕಣದಲ್ಲಿ ಕನ್ನಡಕವನ್ನು ಎತ್ತಿ ಹಿಡಿದು ನಿಂತಿದ್ದ ಹುಡುಗನ ಮುಂದೆ, ಇಸ್ತ್ರಿ ಮಾಡಿದ ನನ್ನ ಜುಬ್ಬ ಸ್ವಲ್ಪ ಮಾಸಿದಂತೆ ಕಂಡಿತು.

ಆ ಸಂಗೀತ ನನಗೆ ಹಿಡಿಸಿತೆಂದು ಸುಳ್ಳು ಹೇಳಲಾರೆ. ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗಿತು. ಆದರೆ ತೇರಿನ ಹಗ್ಗಕ್ಕೆ ಕೈ ಹಾಕಿ, ಸಾವಿರ ಜನದ ಮೈಗೆ ಮೈ ತಾಗಿಸಿ, ‘ಹೋ’ ಎಂದು ಕೂಗಿ ಎಳೆದ ನೆನಪು ನಮ್ಮಲ್ಲಿ ಎಷ್ಟು ಜನಕ್ಕಿಲ್ಲ? ಅಲ್ಲಿಯೂ ಮೈ ಮರೆಯುತ್ತೇವೆ. ಅಲ್ಲಿಯೂ ಗಾಲಿಯ ಪಕ್ಕದಲ್ಲಿ, ಮೈ ಮರೆಯದ ನಾಲ್ಕು ಜನ ಮರದ ದಿಮ್ಮಿ ಹಿಡಿದು, ಕಣ್ಣು ನೆಲದ ಮೇಲಿಟ್ಟು ನಡೆಯುತ್ತಾರೆ. ತೇರು ನೆಮ್ಮದಿಯಾಗಿ ನೆಲೆ ಸೇರುವುದು ಅವರಿಂದ.

ಕೊನೆಗೆ ನನ್ನ ತೀರ್ಪು ಏನೆಂದು ಹೇಳಿ ಮುಗಿಸುತ್ತೇನೆ. ಸೋದರಸೊಸೆಯನ್ನು ಕರೆದು ಕೂರಿಸಿ, ಈಗ ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ. ಗಟ್ಟಿ ಬೂಟು ಹಾಕಿಕೋ, ಸರ ಬಿಚ್ಚಿಡು, ಮೊದಲ ಸಲ ಅಂಚಿನಲ್ಲೇ ನಿಲ್ಲು, ಹೊರಗೆ ಹೋಗುವ ದಾರಿಯನ್ನು ಹಾಡು ಶುರುವಾಗುವ ಮೊದಲೇ ನೋಡಿಕೋ, ಗುಂಪು ಬಿಗಿದರೆ ಬಂದುಬಿಡು ಎಂದೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ತಂಗಿಗೆ ಪೂರ್ತಿ ಸಮಾಧಾನವಾಗಲಿಲ್ಲ. ತಾಯಿಗೆ ಅದು ಆಗುವುದೂ ಇಲ್ಲ.

ಹೋದ ತಿಂಗಳು ಹುಡುಗಿ ಅಣ್ಣನ ಜೊತೆ ಹೋಗಿ ಬಂದಳು. ರಾತ್ರಿ ಹನ್ನೊಂದಕ್ಕೆ ನನಗೆ ಫೋನು ಮಾಡಿದಳು. ಹೇಗಿತ್ತು, ಪೆಟ್ಟೇನಾದರೂ ಆಯಿತೆ ಎಂದು ಕೇಳಿದೆ.

“ನಾನು ಬೀಳಲಿಲ್ಲ ಮಾವ,” ಎಂದಳು. “ಯಾರೋ ಒಬ್ಬರು ಬಿದ್ದರು. ಎತ್ತಿದೆ.”